ಮೊದಲು ಗಾಳಿ, ಆಮೇಲೆ ಗನ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆ ಟ್ರ್ಯಾಕ್ಟರ್, ಟಿಲ್ಲರ್‌ಗಳ ಯಜಮಾನರಿಗೆ,

ಅಡಿಕೆ ಕೊಯ್ಲು ಒಂದು ಹಂತಕ್ಕೆ ಬಂದು ಕೈಗೆ ಸ್ವಲ್ಪ ಬಿಡುವು ಸಿಕ್ಕಿದಾಗ ನಿಮ್ಮಲ್ಲಿ ಹಲವರ ಕಣ್ಣು ಶೆಡ್ಡಿನ ಮೂಲೆಗೆ ಹೋಗುತ್ತದೆ. ಅಲ್ಲಿ ತಂದೆಯ ಕಾಲದ ಮ್ಯಾಸಿಯೋ, ಹಳೆ ಮಹೀಂದ್ರಾವೋ, ಎಚ್‌ಎಂಟಿಯೋ ನಿಂತಿರುತ್ತದೆ. ಎಂಜಿನ್ ಗಟ್ಟಿ, ಕಲ್ಲು, ಗೊಬ್ಬರ ಎಲ್ಲ ಎಳೆಯುತ್ತದೆ, ಬಾನೆಟ್ಟಿನ ಬಣ್ಣ ಮಾತ್ರ ಸೀಮೆಸುಣ್ಣದ ಹಾಗೆ ಕೈಗೆ ಹತ್ತುತ್ತದೆ. ಗ್ಯಾರೇಜಿನವ ಹೇಳಿದ ರೇಟು ಕೇಳಿದ ಮೇಲೆ "ಒಂದು ಸ್ಪ್ರೇ ಗನ್ ತಕ್ಕೊಂಡರೆ ನಾವೇ ಹೊಡೆಯಬಹುದಲ್ಲ" ಎಂಬ ಯೋಚನೆ ಶುರುವಾಗುತ್ತದೆ. ಪೇಂಟಿಂಗ್ ಶೆಡ್ಡಿನಲ್ಲೇ ತಲೆಕೂದಲು ಹಣ್ಣಾದವನು ಅಂತ ನನ್ನ ಹತ್ತಿರ ಬಂದು ಕೇಳುತ್ತೀರಿ: "ಯಾವ ಗನ್ ಒಳ್ಳೆಯದು ಮಾರಾಯ್ರೆ?"

ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ನನ್ನ ಉತ್ತರ ಇನ್ನೊಂದು ಪ್ರಶ್ನೆಯಿಂದಲೇ ಶುರುವಾಗುತ್ತದೆ. ನಿಮ್ಮ ಕಂಪ್ರೆಸರ್ ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ? ಅದು ಗೊತ್ತಿಲ್ಲದೆ ಗನ್ನಿನ ಅಂಗಡಿಗೆ ಕಾಲಿಡಬೇಡಿ.

ಹೆಚ್ಚಿನವರು ಕಂಪ್ರೆಸರಿನ ಎಚ್‌ಪಿ ಹೇಳುತ್ತಾರೆ, ಇಲ್ಲವಾದರೆ ಮೀಟರಿನಲ್ಲಿ ಎಷ್ಟು ಪೌಂಡ್ ಏರುತ್ತದೆ ಎಂದು ಹೇಳುತ್ತಾರೆ. ಪೌಂಡ್ ಏರುವುದು ದೊಡ್ಡ ವಿಷಯವೇ ಅಲ್ಲ. ಪಂಕ್ಚರ್ ಅಂಗಡಿಯ 1 ಎಚ್‌ಪಿ ಕಂಪ್ರೆಸರೂ ಸಮಯ ಕೊಟ್ಟರೆ 100 ಪೌಂಡ್ ಏರಿಸುತ್ತದೆ. ಆದರೆ ಟ್ರಿಗರ್ ಒತ್ತಿಹಿಡಿದಷ್ಟೂ ಹೊತ್ತು ಗನ್ ಗಾಳಿ ಕುಡಿಯುತ್ತಲೇ ಇರುತ್ತದೆ. ಒಂದು ಬಾನೆಟ್ಟಿನ ಅರ್ಧಕ್ಕೆ ಬರುವಾಗ ಟ್ಯಾಂಕಿನ ಗಾಳಿ ಇಳಿದರೆ, ಮೊದಲರ್ಧ ನಯವಾಗಿ ಕೂತ ಪೇಂಟ್ ಉಳಿದರ್ಧದಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ಏಳುತ್ತದೆ. ಅದಕ್ಕೆ ಗನ್ ಬದಲಿಸಿದರೂ ಪ್ರಯೋಜನ ಇಲ್ಲ, ತಿನ್ನರ್ ಹೆಚ್ಚು ಹಾಕಿದರೂ ಪ್ರಯೋಜನ ಇಲ್ಲ.

ಲೆಕ್ಕ ಹಾಕುವುದು ಕಷ್ಟವಲ್ಲ. ಕಂಪ್ರೆಸರ್ ಟ್ಯಾಂಕಿನ ಮೇಲೆ ಅದು ಎಷ್ಟು ಲೀಟರಿನದ್ದು ಎಂದು ಬರೆದಿರುತ್ತದೆ. ಹೊರಗೆ ಹೋಗುವ ಗಾಳಿಯ ಕಾಕ್ ಮುಚ್ಚಿ, ಮೀಟರ್ 4 ಕಿಲೋದಿಂದ 7 ಕಿಲೋಗೆ ಏರಲು ಎಷ್ಟು ಸಮಯ ಬೇಕೆಂದು ಮೊಬೈಲಿನಲ್ಲಿ ನೋಡಿ. 100 ಲೀಟರಿನ ಟ್ಯಾಂಕು ಅಂದುಕೊಳ್ಳಿ. ಮೂರು ಕಿಲೋ ಏರಿತು ಎಂದರೆ ಸುಮಾರು 300 ಲೀಟರ್ ಹೊರಗಿನ ಗಾಳಿ ಒಳಗೆ ಹೋಯಿತು. ಅದಕ್ಕೆ ಒಂದೂವರೆ ನಿಮಿಷ ಬೇಕಾದರೆ ನಿಮಿಷಕ್ಕೆ 200 ಲೀಟರ್. ಗನ್ನಿನ ಡಬ್ಬಿಯ ಮೇಲೆ ಬರೆಯುವುದು ನಿಮಿಷಕ್ಕೆ ಘನ ಅಡಿಯ ಲೆಕ್ಕದಲ್ಲಿ, ಅಂದರೆ ಸಿಎಫ್‌ಎಂ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಹಾಗಾಗಿ ನಿಮ್ಮ ಕಂಪ್ರೆಸರಿನದ್ದು ಹೆಚ್ಚುಕಡಿಮೆ 7 ಸಿಎಫ್‌ಎಂ. ಕಂಪನಿ ಪ್ಲೇಟಿನಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇರುತ್ತದೆ, ಅದು ಪಿಸ್ಟನ್ ತಿರುಗುವ ಲೆಕ್ಕ. ನಿಮಗೆ ಸಿಗುವುದು ಅದರ ಮುಕ್ಕಾಲು ಭಾಗ, ಹಳೆಯದಾದರೆ ಅದಕ್ಕಿಂತಲೂ ಕಡಿಮೆ. ನಮ್ಮ ಕಡೆ ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಬಿದ್ದಾಗ ಮೋಟರ್ ನರಳುವುದು ನಿಮಗೇ ಗೊತ್ತುಂಟು, ಆಗ ಅಷ್ಟೂ ಸಿಗುವುದಿಲ್ಲ.

ಈಗ ಗನ್ನಿಗೆ ಬರೋಣ. ಪೇಟೆಯಲ್ಲಿ ನೀವು ಕೇಳುವ ದೊಡ್ಡ ಹೆಸರು ಎಚ್‌ವಿಎಲ್‌ಪಿ. ಹೆಚ್ಚು ಗಾಳಿ, ಕಡಿಮೆ ಒತ್ತಡ ಎಂಬುದು ಅದರ ತತ್ವ. ಏರ್ ಕ್ಯಾಪಿನಲ್ಲಿ ಒತ್ತಡ 10 ಪೌಂಡ್ ಮೀರುವುದಿಲ್ಲ, ಆದ್ದರಿಂದ ಪೇಂಟ್ ಮೆಲ್ಲಗೆ ಹೋಗಿ ಲೋಹದ ಮೇಲೆ ಕೂರುತ್ತದೆ. ಕಪ್ಪಿಗೆ ಹಾಕಿದ ಪೇಂಟಿನಲ್ಲಿ ಮೂರರಲ್ಲಿ ಎರಡು ಪಾಲು ಗಾಡಿಗೆ ಹತ್ತುತ್ತದೆ. ಹಳೆಯ ಸಾಮಾನ್ಯ ಗನ್ ಆದರೆ ಮೂರರಲ್ಲಿ ಒಂದು ಪಾಲು ಗಾಡಿಗೆ, ಉಳಿದದ್ದು ಗಾಳಿಗೆ, ನೆಲಕ್ಕೆ, ನಿಮ್ಮ ಶ್ವಾಸಕೋಶಕ್ಕೆ. ಕೇಳಿದರೆ ಯಾರಿಗೂ ಎಚ್‌ವಿಎಲ್‌ಪಿಯೇ ಬೇಕು ಅನಿಸಬೇಕು. ತೊಂದರೆ ಏನೆಂದರೆ ಪೂರ್ತಿ ಅಳತೆಯ ಎಚ್‌ವಿಎಲ್‌ಪಿ ಗನ್ನಿಗೆ 12ರಿಂದ 15 ಸಿಎಫ್‌ಎಂ ಗಾಳಿ ಬೇಕು, ಅಂದರೆ 3 ಎಚ್‌ಪಿಗಿಂತ ಮೇಲಿನ ಕಂಪ್ರೆಸರ್. ಮೇಲಿನ ಲೆಕ್ಕದಲ್ಲಿ 7 ಬಂದವರು ಇದನ್ನು ಕೊಂಡರೆ, ಒಳ್ಳೆಯ ಗನ್ ಕೈಯಲ್ಲಿದ್ದೂ ಕೆಟ್ಟ ಕೆಲಸ ಆಗುತ್ತದೆ. ಗನ್ ಮೇಲೆ ಸಿಟ್ಟು ಬಂದು ಅದು ಗೋಣಿಚೀಲದಲ್ಲಿ ಅಟ್ಟ ಸೇರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

2 ಎಚ್‌ಪಿ ಕಂಪ್ರೆಸರ್ ಇದ್ದವರಿಗೆ ನಾನು ಹೇಳುವುದು ಮೇಲೆ ಕಪ್ ಇರುವ, ಸಣ್ಣ ಮೈಯ ಗ್ರ್ಯಾವಿಟಿ ಗನ್. ಜಪಾನಿನ ಅನೆಸ್ಟ್ ಇವಾಟಾದ ಡಬ್ಲ್ಯು-71 ಈ ಜಾತಿಗೆ ಒಳ್ಳೆಯ ಉದಾಹರಣೆ, ಅದರ ನಕಲುಗಳೂ ಬೇಕಾದಷ್ಟು ಬಂದಿವೆ. ಇಂಥವು 6ರಿಂದ 8 ಸಿಎಫ್‌ಎಂ ಒಳಗೆ ತೃಪ್ತಿಯಾಗಿ ಕೆಲಸ ಮಾಡುತ್ತವೆ. ನಮ್ಮ ದೇಶದ್ದೇ ಬೇಕಾದರೆ ಪೈಲಟ್ ಗನ್ನುಗಳು ಉಂಟು; ಗ್ಯಾರೇಜುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದ್ದು ಪೇಂಟರುಗಳಿಗೆ ಕೈಪರಿಚಯ ಇರುವ ಹೆಸರು. ಬರೀ 1 ಎಚ್‌ಪಿ ಇದ್ದವರು ಬಾನೆಟ್, ಮಡ್‌ಗಾರ್ಡ್ ಯೋಚನೆ ಬಿಟ್ಟು ಟಚ್‌ಅಪ್ ಗನ್ನಿನಲ್ಲಿ ರಿಮ್ಮು, ಗ್ರಿಲ್ಲು ಇತ್ಯಾದಿ ಮಾಡಿ, ದೊಡ್ಡ ತಗಡುಗಳನ್ನು ಬಿಚ್ಚಿ ಗ್ಯಾರೇಜಿಗೆ ಕೊಡುವುದು ವಾಸಿ.

ಈ ಪೇಂಟ್ ಗನ್ ಹುಟ್ಟಿದ್ದೇ ಗಂಟಲಿಗೆ ಔಷಧ ಹೊಡೆಯುವ ಸಲಕರಣೆಯಿಂದ ಎಂಬುದು ನನಗೆ ಯಾವತ್ತೂ ತಮಾಷೆ ಅನಿಸುತ್ತದೆ. ಅಮೆರಿಕದ ಓಹಾಯೋ ರಾಜ್ಯದ ಟೊಲೆಡೋದಲ್ಲಿ ಡಾ. ಆಲನ್ ಡಿವಿಲ್‌ಬಿಸ್ ಎಂಬ ಗಂಟಲಿನ ಡಾಕ್ಟರು 1880ರ ದಶಕದ ಕೊನೆಗೆ ರೋಗಿಗಳಿಗಾಗಿ ರಬ್ಬರ್ ಬುರುಡೆ ಅಮುಕುವ ಸ್ಪ್ರೇ ಮಾಡಿದರು. ಅದೇ ತತ್ವದ ಮೇಲೆ 1907ರಲ್ಲಿ ಮಗ ಥಾಮಸ್ ಪೇಂಟ್ ಹೊಡೆಯುವ ಗನ್ ತಂದ. ಕಾಕತಾಳೀಯವೋ ಏನೋ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಇತ್ತ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮ ಹೇಳಿಕೊಡುತ್ತಿದ್ದರು. ಹಾಗಾಗಿ ನಾಜಲ್ ಎಂಬುದು ನಮಗೆ ಹೊಸತಲ್ಲ. ಮದ್ದು ಬಿಡುವವನು ನಾಜಲಿನ ತೂತು ದೊಡ್ಡದಾದರೆ ಗೊನೆಗೆ ಮದ್ದು ಕೂರದೆ ಇಳಿದು ಹೋಗುತ್ತದೆ ಎಂದು ಮರದ ಬುಡದಲ್ಲಿ ನಿಂತೇ ಹೇಳುತ್ತಾನೆ. ಪೇಂಟ್ ಗನ್ನಿಗೂ ಅದೇ ಕಣ್ಣು ಸಾಕು.

ಪೇಂಟ್ ಗನ್ನಿನ ತೂತಿನ ಅಳತೆ ಮಿಲಿಮೀಟರ್ ಲೆಕ್ಕದ್ದು. ದಪ್ಪ ಪ್ರೈಮರಿಗೆ 1.8ರಿಂದ 2.0. ಸಿಂಥೆಟಿಕ್ ಎನಾಮೆಲಿಗೆ 1.5 ಆಸುಪಾಸು. ಹಾರ್ಡನರ್ ಹಾಕುವ ಪಿಯು ಪೇಂಟಿಗೆ 1.3 ಅಥವಾ 1.4. ಒಂದೇ ಗನ್ ಕೊಳ್ಳುವುದಾದರೆ 1.4 ಅಥವಾ 1.5 ತಕ್ಕೊಳ್ಳಿ, ಪ್ರೈಮರನ್ನು ಸ್ವಲ್ಪ ತೆಳು ಮಾಡಿ ಅದರಲ್ಲೇ ಹೊಡೆಯಬಹುದು. ಕೈಯಲ್ಲಿ ದುಡ್ಡು ಇದ್ದರೆ ಪ್ರೈಮರಿಗೆಂದೇ ಒಂದು ಅಗ್ಗದ ಗನ್ ಬೇರೆ ಇಡಿ. ಪ್ರೈಮರಿನ ಹಿಟ್ಟು ಮರಳಿನ ಹಾಗೆ ಉಜ್ಜಿ ನಾಜಲ್ ತಿನ್ನುತ್ತದೆ. ಮೇಲಿನ ಕೋಟಿಂಗಿನ ಗನ್ನನ್ನು ಅದರಿಂದ ಕಾಪಾಡಿದರೆ ಬಹಳ ವರ್ಷ ಬರುತ್ತದೆ.

ಟ್ರ್ಯಾಕ್ಟರ್ ಕಾರಿನ ಹಾಗಲ್ಲ. ಕಾರಿನಲ್ಲಿ ಎಲ್ಲ ತಗಡೇ. ಇಲ್ಲಿ ನಯವಾದ ತಗಡು ಎಂದರೆ ಬಾನೆಟ್ಟು, ಮಡ್‌ಗಾರ್ಡು ಅಷ್ಟೇ, ಉಳಿದದ್ದೆಲ್ಲ ಬೀಡು ಎರಕ. ಗೇರ್ ಬಾಕ್ಸ್, ಹಿಂದಿನ ಆಕ್ಸಲಿನ ಹೊಟ್ಟೆ, ಮುಂದಿನ ಸಪೋರ್ಟ್, ಎಲ್ಲವೂ ಹೊಂಡ ತೆಮರುಗಳ ಲೋಕ. ಗ್ರ್ಯಾವಿಟಿ ಗನ್ನನ್ನು ಅಡಿಗೆ ಹಾಕಿ ಮೇಲ್ಮುಖವಾಗಿ ಹೊಡೆಯಲು ಹೋದರೆ ಕಪ್ಪಿನ ಮುಚ್ಚಳದ ಉಸಿರು ತೂತಿನಿಂದ ಪೇಂಟ್ ಸುರಿದು ಮೊಣಕೈವರೆಗೆ ಇಳಿಯುತ್ತದೆ. ಕೆಳಗೆ ಡಬ್ಬಿ ಇರುವ ಸಕ್ಷನ್ ಗನ್ನಿನಲ್ಲಿ ಒಂದು ಲೀಟರ್ ಹಿಡಿಯುತ್ತದೆ, ಆದರೆ ಓರೆ ಮಾಡಿದರೆ ಪೇಂಟ್ ಎಳೆಯದೆ ಗಾಳಿ ಮಾತ್ರ ಬರುತ್ತದೆ. ನಾನು ಹೇಳುವುದನ್ನು ಕೇಳಿ ಕೆಲವು ಹುಡುಗರು ನಗುತ್ತಾರೆ, ಆದರೂ ಹೇಳುತ್ತೇನೆ: ಅಡಿಯ ಎರಕಕ್ಕೆ ಬ್ರಷ್ಷೇ ಒಳ್ಳೆಯದು. ರೆಡ್ ಆಕ್ಸೈಡ್ ಪ್ರೈಮರನ್ನು ಬ್ರಷ್ಷಿನಲ್ಲಿ ಒತ್ತಿ ಉಜ್ಜಿದರೆ ತುಕ್ಕಿನ ಹೊಂಡದೊಳಗೆ ಹೋಗುವಷ್ಟು ಗನ್ನಿನಲ್ಲಿ ಹೋಗುವುದಿಲ್ಲ. ಗದ್ದೆಯ ಕೆಸರಿನಲ್ಲೇ ಮುಳುಗುವ ಜಾಗಕ್ಕೆ ಕನ್ನಡಿ ಹೊಳಪು ಯಾರಿಗೆ ಬೇಕು? ಟಿಲ್ಲರಿನವರಿಗೂ ಇದೇ ಮಾತು. ಹುಡ್ ಮತ್ತು ಮಡ್‌ಗಾರ್ಡಿಗೆ ಗನ್, ಗೇರ್ ಕೇಸಿನಿಂದ ಕೆಳಗೆ ಬ್ರಷ್. ಸೈಲೆನ್ಸರಿಗೆ ಮಾತ್ರ ಬಿಸಿ ತಡೆಯುವ ಬೇರೆಯೇ ಪೇಂಟ್ ಬರುತ್ತದೆ, ಅದನ್ನು ಕೇಳಿ ತಕ್ಕೊಳ್ಳಿ.

ಇನ್ನು ನಮ್ಮ ಊರಿನದ್ದೇ ಆದ ಎರಡು ಶತ್ರುಗಳು. ಒಂದು ನೀರು.

ವರ್ಷದಲ್ಲಿ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು, ಚಾರ್ಮಾಡಿ ಘಾಟಿಯ ಬುಡದವರಿಗೆ ಕೇಳುವುದೇ ಬೇಡ. ಮಳೆಗಾಲ ಹೋದರೂ ಗಾಳಿಯಲ್ಲಿ ನೀರು ಇದ್ದೇ ಇರುತ್ತದೆ. ಕಂಪ್ರೆಸರ್ ಆ ಗಾಳಿಯನ್ನು ಹಿಂಡಿದಾಗ ನೀರು ಟ್ಯಾಂಕಿನ ಅಡಿಯಲ್ಲಿ ನಿಲ್ಲುತ್ತದೆ. ಸೆಕೆಗಾಲದಲ್ಲೂ ಬೆಳಗ್ಗೆ ಟ್ಯಾಂಕಿನ ಅಡಿಯ ಕಾಕ್ ತಿರುಗಿಸಿ ನೋಡಿ, ತುಕ್ಕಿನ ಬಣ್ಣದ ನೀರು ಚೊರ್ರನೆ ಬರುತ್ತದೆ. ಅದನ್ನು ದಿನಾ ಬಿಡದಿದ್ದರೆ ಎರಡು ಕೇಡು. ಟ್ಯಾಂಕು ಒಳಗಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ, ಒಂದು ದಿನ ಸಿಡಿಯಲೂಬಹುದು. ಇನ್ನೊಂದು, ಪೈಪಿನ ಮೂಲಕ ನೀರಿನ ಹನಿ ಗನ್ನಿಗೆ ಬಂದು ಒದ್ದೆ ಪೇಂಟಿನ ಮೇಲೆ ಬೀಳುತ್ತದೆ. ಒಣಗಿದ ಮೇಲೆ ಸಣ್ಣ ಸಣ್ಣ ಗುಳ್ಳೆ. ಆಮೇಲೆ ಅಂಗಡಿಯವ ಕೆಟ್ಟ ಪೇಂಟ್ ಕೊಟ್ಟ ಎಂದು ಬೈಯುತ್ತೀರಿ.

ಆದ್ದರಿಂದ ಗನ್ನಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ವಾಟರ್ ಸೆಪರೇಟರಿಗೆ ತೆಗೆದಿಡಿ. ರೆಗ್ಯುಲೇಟರ್ ಮತ್ತು ಮೀಟರ್ ಇರುವ ಫಿಲ್ಟರೇ ಬರುತ್ತದೆ. ಅದನ್ನು ಕಂಪ್ರೆಸರಿನ ಮೈಗೆ ಅಂಟಿಸಿ ಕೂರಿಸಬೇಡಿ, ಅಲ್ಲಿ ಗಾಳಿ ಬಿಸಿಯಾಗಿಯೇ ಇರುತ್ತದೆ, ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. ಕಂಪ್ರೆಸರಿನಿಂದ ದೂರದಲ್ಲಿ, ಗಾಳಿ ತಣ್ಣಗಾಗಿ ಬರುವ ಜಾಗದಲ್ಲಿ ಗೋಡೆಗೆ ಹಾಕಿ, ಅಲ್ಲಿಂದ ಗನ್ನಿಗೆ ಪೈಪ್ ಎಳೆಯಿರಿ. ಪೈಪೂ ತೆಳ್ಳಗಿರಬಾರದು. ಒಳಗೆ 6 ಮಿ.ಮೀ. ತೂತಿನ ಉದ್ದ ಪೈಪ್ ಹಾಕಿದರೆ ಗೋಡೆಯ ಮೀಟರಿನಲ್ಲಿ 45 ಪೌಂಡ್ ತೋರಿಸಿದರೂ ಗನ್ನಿಗೆ ಬರುವಾಗ ಬಹಳ ಇಳಿದಿರುತ್ತದೆ. 8 ಅಥವಾ 10 ಮಿ.ಮೀ. ಪೈಪ್ ತಕ್ಕೊಂಡು, ಟ್ರಿಗರ್ ಒತ್ತಿ ಹಿಡಿದೇ ಮೀಟರ್ ನೋಡಿ ಹೊಂದಿಸಿ.

ಸಮಯದ ವಿಷಯವೂ ಇಲ್ಲೇ ಸೇರುತ್ತದೆ. ನವರಾತ್ರಿಯ ಆಯುಧಪೂಜೆಗೆ ಟ್ರ್ಯಾಕ್ಟರ್ ಹೊಸದಾಗಿ ಕಾಣಬೇಕೆಂದು ಸೋಣ, ನಿರ್ನಾಲ ತಿಂಗಳಲ್ಲಿ ಗಡಿಬಿಡಿ ಮಾಡುವವರು ಬಹಳ. ಆಗ ಇನ್ನೂ ಮಳೆ ಬಿಟ್ಟಿರುವುದಿಲ್ಲ. ಆ ತೇವದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದರೆ ತಿನ್ನರ್ ಬೇಗ ಹಾರಿ ತಗಡು ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಕೂತು ಬಣ್ಣಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಪೆರಾರ್ದೆಯಿಂದ ಸುಗ್ಗಿಯ ಒಳಗೆ ಮಾಡಿ. ತಪ್ಪಿದರೆ ಪತ್ತನಾಜೆಯ ಒಳಗಾದರೂ ಮುಗಿಸಿ. ದಿನದಲ್ಲಿ ಬೆಳಗಿನ ಮಂಜು ಆರಿ ತಗಡು ಕೈಗೆ ಬೆಚ್ಚಗೆ ಹತ್ತಿದ ಮೇಲೆ, ಸುಮಾರು ಒಂಬತ್ತೂವರೆಯಿಂದ ಮಧ್ಯಾಹ್ನದ ಒಳಗೆ ಹೊಡೆಯುವುದು ಉತ್ತಮ. ಮಧ್ಯಾಹ್ನ ದಾಟಿದರೆ ಪಡುವಣ ಗಾಳಿ ಎದ್ದು ಕೆಂಪು ಮಣ್ಣಿನ ರಸ್ತೆಯ ಧೂಳೆಲ್ಲ ನಿಮ್ಮ ಬಾನೆಟ್ಟಿಗೆ.

ಎರಡನೆಯ ಶತ್ರು ಎನ್ನಬಾರದು, ಅದು ನಮ್ಮ ಅನ್ನವೇ. ಪೇಂಟಿಗೆ ಒಳ್ಳೆಯ ಒಣ ಕಾಲವೂ ಅಂಗಳದಲ್ಲಿ ಅಡಿಕೆ ಹರವುವ ಕಾಲವೂ ಒಂದೇ. ಗನ್ನಿನಿಂದ ಹಾರುವ ಧೂಳು ಪೇಂಟ್ ಕಣ್ಣಿಗೆ ಕಾಣದೆ ದೂರ ಹೋಗಿ ಬೀಳುತ್ತದೆ. ಕೆಂಪು ಚುಕ್ಕಿ ಬಿದ್ದ ಚಾಲಿಗೆ ಯಾವ ವ್ಯಾಪಾರಿಯೂ ರೇಟು ಹೇಳುವುದಿಲ್ಲ. ಬೋರ್ವೆಲ್ಲಿನ ತೊಟ್ಟಿ, ಮನೆಯ ಹಾಸು, ಪಕ್ಕದ ಮನೆಯವರ ಬಿಳಿ ಕಾರು, ಎಲ್ಲ ಒಂದೇ ಲೆಕ್ಕ. ಇಲ್ಲಿ ಎಚ್‌ವಿಎಲ್‌ಪಿಗೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಅದರಲ್ಲಿ ಹಾರುವುದು ಕಡಿಮೆ. ಸಾಮಾನ್ಯ ಗನ್ ಆದರೆ ಅಂಗಳದಿಂದ ದೂರ, ಮೂರು ಕಡೆಗೆ ಟಾರ್ಪಾಲ್ ಕಟ್ಟಿ ಒಂದು ಕಡೆ ಗಾಳಿಗೆ ಬಿಟ್ಟು ಹೊಡೆಯಿರಿ. ಇನ್ನೊಂದು ಮುಖ್ಯ ವಿಷಯ: ಬಚ್ಚಲಿನ ಒಲೆ. ನಮ್ಮ ಮನೆಗಳಲ್ಲಿ ಬೆಳಗ್ಗೆಯಿಂದ ಸ್ನಾನದ ನೀರಿಗೆ ಒಲೆ ಉರಿಯುತ್ತಲೇ ಇರುತ್ತದೆ. ತಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿದು ಹೋಗಿ ಕೆಂಡ ಹುಡುಕುತ್ತದೆ. ಆ ದಿನ ಸ್ನಾನ ಮೊದಲೇ ಮುಗಿಸಿ ಒಲೆ ಆರಿಸಿ.

ಪೇಂಟು ಯಾವುದು ಎಂಬುದು ಗನ್ನಿನ ಆಯ್ಕೆಯನ್ನೂ ಜೀವದ ಪ್ರಶ್ನೆಯನ್ನೂ ಒಟ್ಟಿಗೆ ತರುತ್ತದೆ. ಸಿಂಥೆಟಿಕ್ ಎನಾಮೆಲ್ ಅಗ್ಗ, ಹೊಡೆಯುವುದು ಸುಲಭ, ರಾತ್ರಿ ಕಳೆದರೆ ಗಟ್ಟಿ. ಆದರೆ ಡೀಸೆಲ್ ತುಂಬುವಾಗ ಟ್ಯಾಂಕಿನ ಬಾಯಿಯಿಂದ ಚೆಲ್ಲಿದ್ದು ತಾಗಿ ತಾಗಿ ಅಲ್ಲಿ ಮೆತ್ತಗಾಗಿ ಎದ್ದು ಬರುತ್ತದೆ. ಬಿಸಿಲಿಗೆ ಬೇಗ ಮಂಕಾಗುತ್ತದೆ. ಹಾರ್ಡನರ್ ಸೇರಿಸುವ ಪಿಯು ಪೇಂಟ್ ಡೀಸೆಲಿಗೂ ಬಿಸಿಲಿಗೂ ತಡೆದುಕೊಳ್ಳುತ್ತದೆ, ಹೊಳಪು ಇರುತ್ತದೆ. ಆದ್ದರಿಂದ ಎಲ್ಲರೂ ಅದನ್ನೇ ಕೇಳುತ್ತಾರೆ. ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತು ಉಂಟು. ಅದು ಒಮ್ಮೆ ಶ್ವಾಸಕೋಶಕ್ಕೆ ಹಿಡಿಸಿತೋ, ಮತ್ತೆ ಒಂದು ಚೂರು ಮೂಗಿಗೆ ತಾಗಿದರೂ ಅಸ್ತಮಾ ಏಳುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಪ್ರಕಾರ ಅಲ್ಲಿ ಗಾಡಿಗೆ ಪೇಂಟ್ ಹೊಡೆಯುವವರಿಗೆ ಬೇರೆ ಕೆಲಸಗಾರರಿಗಿಂತ ಅಸ್ತಮಾ ಬರುವ ಸಾಧ್ಯತೆ 80 ಪಟ್ಟು ಹೆಚ್ಚು. ಒಳ್ಳೆಯ ಬೂತ್, ಒಳ್ಳೆಯ ಮಾಸ್ಕ್ ಇರುವ ದೇಶದ ಲೆಕ್ಕ ಅದು. ನಾವು ಮೂಗಿಗೆ ಬೈರಾಸು ಕಟ್ಟಿಕೊಂಡು ಹೊಡೆಯುತ್ತೇವೆ.

ಬೈರಾಸು ಏನೂ ತಡೆಯುವುದಿಲ್ಲ. ಕೊರೋನಾ ಕಾಲದ ಮಾಸ್ಕೂ ತಡೆಯುವುದಿಲ್ಲ. ಪಿಯು ಹೊಡೆಯಲು ಸರಿಯಾದದ್ದು ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ. ಅದು ಮನೆಯಲ್ಲಿ ಹೊಡೆಯುವವರ ಕೈಗೆ ಸಿಗುವ ವಸ್ತುವಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಖಡಾಖಂಡಿತ: ಅಂಗಳದಲ್ಲಿ ಹೊಡೆಯುವುದಾದರೆ ಎನಾಮೆಲ್ ಸಾಕು, ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಅರೆಮುಖದ ಮಾಸ್ಕ್ ಹಾಕಿ ಹೊಡೆಯಿರಿ. ಪಿಯುವೇ ಬೇಕೆಂದರೆ ಬಾನೆಟ್ಟು ಮಡ್‌ಗಾರ್ಡುಗಳನ್ನು ಬಿಚ್ಚಿ, ಗಾಳಿಯ ವ್ಯವಸ್ಥೆ ಇರುವ ಪೇಂಟಿಂಗ್ ಶೆಡ್ಡಿಗೆ ಕೊಡಿ. ಹೊಡೆಯುವವನಿಗೆ ಮಾಸ್ಕ್ ಉಂಟಾ ಎಂದು ಕೇಳಿಯೇ ಕೊಡಿ. ಮಕ್ಕಳು ನೋಡಲು ಬಂದು ನಿಲ್ಲುತ್ತಾರೆ, ಅವರನ್ನು ಮೊದಲು ಆಚೆ ಕಳಿಸಿ.

ಹಳೆ ಬಣ್ಣ ಉಜ್ಜುವಾಗಲೂ ಜೋಪಾನ. ಹಳೆಯ ಕಾಲದ ಕೆಂಪು, ಕಿತ್ತಳೆ, ಹಳದಿ ಪೇಂಟುಗಳಲ್ಲಿ ಸೀಸದ ಬಣ್ಣ ಹಾಕುವುದು ಸಾಮಾನ್ಯವಾಗಿತ್ತು. ನಮ್ಮ ದೇಶದಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದೂ ಮನೆಯ ಮತ್ತು ಅಲಂಕಾರದ ಪೇಂಟಿಗೆ ಮಾತ್ರ. ತಂದೆಯ ಕಾಲದ ಟ್ರ್ಯಾಕ್ಟರಿಗೆ ಆ ರಕ್ಷಣೆ ಇಲ್ಲ. ಒಣ ಎಮರಿಯಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ, ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಆ ಕೆಸರು ತೋಟದ ಬದಿಗೆ ಹರಿಯದಂತೆ ನೋಡಿಕೊಳ್ಳಿ. ತೋಟದ ಟ್ರ್ಯಾಕ್ಟರುಗಳಲ್ಲಿ ಇನ್ನೊಂದು ವಿಶೇಷ. ಮದ್ದಿನ ಡ್ರಮ್ ಸಾಗಿಸಿ ಸಾಗಿಸಿ ಮೈಲುತುತ್ತು ಚೆಲ್ಲಿದ ಕಡೆ, ಬಣ್ಣ ಹೋದ ಕಬ್ಬಿಣ ಬೇರೆ ಕಡೆಗಿಂತ ಬೇಗ ತಿನ್ನಿಸಿಕೊಂಡಿರುತ್ತದೆ. ತಾಮ್ರದ ಉಪ್ಪು ಕಬ್ಬಿಣಕ್ಕೆ ತಾಗಿದರೆ ತಾಮ್ರ ಅಲ್ಲಿ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಆ ಜಾಗವನ್ನು ಹೊಳೆಯುವ ಲೋಹ ಕಾಣುವ ತನಕ ಉಜ್ಜದೆ ಪ್ರೈಮರ್ ಹಾಕಿದರೆ ಒಂದೇ ಮಳೆಗಾಲದಲ್ಲಿ ಅಡಿಯಿಂದ ಎದ್ದು ಬರುತ್ತದೆ. ಡೀಸೆಲಿನಲ್ಲಿ ತೊಳೆದು ಒರೆಸಿ ಅದರ ಮೇಲೆಯೇ ಪೇಂಟ್ ಹೊಡೆಯುವ ಅಭ್ಯಾಸವನ್ನೂ ಬಿಡಿ. ಡೀಸೆಲಿನ ಎಣ್ಣೆ ಪದರ ಇದ್ದರೆ ಪೇಂಟ್ ಮೀನಿನ ಕಣ್ಣಿನ ಹಾಗೆ ವೃತ್ತ ವೃತ್ತವಾಗಿ ಬಿಟ್ಟುಕೊಳ್ಳುತ್ತದೆ. ಡೀಸೆಲ್ ಆದ ಮೇಲೆ ಸೋಪಿನ ನೀರು, ಒಣಗಿದ ಮೇಲೆ ತಿನ್ನರ್ ಬಟ್ಟೆ.

ಅಂಗಡಿಗೆ ಹೋದಾಗ ಏನು ನೋಡಬೇಕು? ಹೊಳಪಿಗೆ ಮರುಳಾಗಬೇಡಿ. ನಾಜಲ್, ನೀಡಲ್, ಏರ್ ಕ್ಯಾಪ್ ಮೂರೂ ಒಂದೇ ಸೆಟ್. ಮುಂದೆ ಈ ಸೆಟ್ ಬಿಡಿಯಾಗಿ ಸಿಗುತ್ತದಾ, ಪ್ಯಾಕಿಂಗ್ ಕಿಟ್ ಸಿಗುತ್ತದಾ ಎಂದು ಕೇಳಿ. ಸಿಗುವುದಿಲ್ಲ ಎಂದರೆ ಎಷ್ಟು ಅಗ್ಗವಾದರೂ ಆ ಗನ್ ದುಬಾರಿ. ನಾಜಲಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿ, ತೂತು ದುಂಡಗಿರಬೇಕು. ಸೆಕೆಂಡ್‌ಹ್ಯಾಂಡ್ ಆದರೆ ನೀಡಲಿನ ತುದಿಯಲ್ಲಿ ಬಳೆಯಂಥ ಸವೆತ ಉಂಟಾ ನೋಡಿ, ಉಂಟಾದರೆ ಬಿಟ್ಟುಬಿಡಿ. ಆನ್‌ಲೈನಿನಲ್ಲಿ ಬರುವ, ಪ್ಲಗ್ ಚುಚ್ಚಿದರೆ ಸಾಕು ಕಂಪ್ರೆಸರ್ ಬೇಡ ಎನ್ನುವ ಎಲೆಕ್ಟ್ರಿಕ್ ಗನ್ನುಗಳು ಗೋಡೆಗೆ, ಗೇಟಿಗೆ ಆಗಬಹುದು. ಬಾನೆಟ್ಟಿಗೆ ಆಗುವಷ್ಟು ಸಣ್ಣ ಹನಿ ಅದರಲ್ಲಿ ಬರುವುದಿಲ್ಲ.

ತಂದ ಮೇಲೆ ಮೊದಲ ದಿನ ಗಾಡಿಗೆ ಹೊಡೆಯಬೇಡಿ, ರಟ್ಟಿಗೆ ಹೊಡೆಯಿರಿ. ಏರ್ ಕ್ಯಾಪ್ ತಿರುಗಿಸಿ ಬೀಸಣಿಗೆ ಅಡ್ಡಕ್ಕೆ ಬರುವ ಹಾಗೆ ಮಾಡಿ, ಪೇಂಟ್ ಇಳಿಯುವ ತನಕ ಒಂದೇ ಜಾಗಕ್ಕೆ ಹೊಡೆಯಿರಿ. ಇಳಿದ ಗೆರೆಗಳು ಒಂದೇ ಉದ್ದ ಇದ್ದರೆ ಗನ್ ಸರಿ ಇದೆ. ನಡುವೆ ಉದ್ದ, ಬದಿಯಲ್ಲಿ ಗಿಡ್ಡ ಆದರೆ ಪೇಂಟ್ ದಪ್ಪ ಆಯಿತು ಅಥವಾ ಗಾಳಿ ಕಡಿಮೆ. ಎರಡು ತುದಿಯಲ್ಲಿ ಮಾತ್ರ ಇಳಿದರೆ ಗಾಳಿ ಹೆಚ್ಚು. ಬಾಳೆಹಣ್ಣಿನ ಆಕಾರ ಬಂದರೆ ಯಾವುದೋ ತೂತು ಕಟ್ಟಿದೆ. ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ, ಬಾಳೆಹಣ್ಣು ಮಗುಚಿದರೆ ಕಸ ಕ್ಯಾಪಿನಲ್ಲಿ, ಮಗುಚದಿದ್ದರೆ ನಾಜಲಿನಲ್ಲಿ. ಪುಕು ಪುಕು ಎಂದು ತಡೆತಡೆದು ಬಂದರೆ ನಾಜಲ್ ಸಡಿಲ, ಇಲ್ಲವೇ ಕಪ್ಪಿನ ಮುಚ್ಚಳದ ತೂತು ಕಟ್ಟಿದೆ. ಇಷ್ಟು ತಿಳಿದ ಮೇಲೆ ಗಾಡಿಯ ಮುಂದೆ ನಿಲ್ಲಿ. ಗನ್ನು ತಗಡಿನಿಂದ ಒಂದು ಗೇಣಿಗಿಂತ ತುಸು ಕಡಿಮೆ ದೂರ, ಕೈ ತಗಡಿಗೆ ಸಮನಾಗಿ ಸಾಗಬೇಕು, ಮಣಿಕಟ್ಟು ಬೀಸಬಾರದು. ಪ್ರತಿ ಸಲ ಹಿಂದಿನ ಪಟ್ಟೆಯ ಅರ್ಧ ಭಾಗ ಮುಚ್ಚಿ ಹೋಗಬೇಕು. ಮೊದಲ ಕೋಟಿಂಗ್ ತೆಳ್ಳಗೆ, ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು. ಎನಾಮೆಲ್ ಮೇಲೆ ಎನ್‌ಸಿ ಮಾತ್ರ ಹೊಡೆಯಬೇಡಿ, ಅಡಿಯ ಬಣ್ಣ ಸುಕ್ಕುಗಟ್ಟಿ ಏಳುತ್ತದೆ.

ಒಂದು ಸಲಹೆ ಕೊಡುತ್ತೇನೆ, ಒಪ್ಪುವುದು ಬಿಡುವುದು ನಿಮ್ಮಿಷ್ಟ. ಬೆಳ್ತಂಗಡಿ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳು ನಿಮಗೆ ಗೊತ್ತೇ ಉಂಟು. ನಾಲ್ಕಾರು ಸಣ್ಣ ಕೃಷಿಕರು ಸೇರಿ ವಾರಕ್ಕೊಂದು ದಿನ ಒಬ್ಬೊಬ್ಬರ ತೋಟದಲ್ಲಿ ದುಡಿಯುವ ಕ್ರಮ. ಟ್ರ್ಯಾಕ್ಟರಿನ ಪೇಂಟಿಗೂ ಅದೇ ಕ್ರಮ ಆಗಬಾರದಾ? ಒಬ್ಬೊಬ್ಬರೂ ಒಂದೊಂದು ಅಗ್ಗದ ಗನ್, ಒಂದೊಂದು ಪಂಕ್ಚರ್ ಕಂಪ್ರೆಸರ್ ಕೊಳ್ಳುವ ಬದಲು ಐದಾರು ಮಂದಿ ಸೇರಿ ಒಂದು 3 ಎಚ್‌ಪಿ ಕಂಪ್ರೆಸರ್, ಒಂದು ಸೆಪರೇಟರ್, ಎರಡು ಗನ್ ಕೊಂಡರೆ ಎಲ್ಲರಿಗೂ ಗಾಳಿ ಸಾಕಾಗುತ್ತದೆ. ಮಾಸ್ಕ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಒಂದೇ ಕರಾರು ಹಾಕಿ: ಗನ್ ಕೊಂಡುಹೋದವನು ತೊಳೆದೇ ಹಿಂದೆ ಕೊಡಬೇಕು. ತೊಳೆಯುವುದು ಎಂದರೆ ಇಡೀ ಗನ್ನನ್ನು ತಿನ್ನರ್ ಡಬ್ಬಿಯಲ್ಲಿ ಅದ್ದಿ ಇಡುವುದಲ್ಲ, ಹಾಗೆ ಮಾಡಿದರೆ ಒಳಗಿನ ಪ್ಯಾಕಿಂಗ್ ಒಣಗಿ ಗಾಳಿ ಸೋರುತ್ತದೆ. ಕಪ್ಪಿಗೆ ತಿನ್ನರ್ ಹಾಕಿ ಹೊಡೆದು, ಕ್ಯಾಪ್ ಮತ್ತು ನಾಜಲ್ ಬಿಚ್ಚಿ ಮೆತ್ತಗಿನ ಬ್ರಷ್ಷಿನಲ್ಲಿ ತಿಕ್ಕಿ. ತೂತಿಗೆ ಕಬ್ಬಿಣದ ತಂತಿ ಹಾಕುವವನ ಕೈಗೆ ಮತ್ತೆ ಗನ್ ಕೊಡಬೇಡಿ. ತೆಂಗಿನ ಗರಿಯ ಕಡ್ಡಿ ಧಾರಾಳ ಸಾಕು.

ಕೊನೆಗೆ ಒಂದು ಕಾಗದದ ವಿಷಯ. ಮಾಸ್ಕಿಂಗ್ ಟೇಪ್ ಹಚ್ಚುವಾಗ ಎಂಜಿನ್ ನಂಬರ್, ಚಾಸಿಸ್ ನಂಬರ್ ಇರುವ ಜಾಗಕ್ಕೆ ಮರೆಯದೆ ಹಚ್ಚಿ. ಪುಟ್ಟಿ, ಪ್ರೈಮರ್, ಪೇಂಟ್ ತುಂಬಿ ಅಂಕಿ ಮುಚ್ಚಿಹೋದರೆ ಮಾರುವಾಗ, ಫಿಟ್ನೆಸ್ ಮಾಡಿಸುವಾಗ ಆರ್‌ಟಿಒ ಕಚೇರಿಯಲ್ಲಿ ಕೆರೆಯುತ್ತಾ ಕೂರಬೇಕಾಗುತ್ತದೆ. ಕೆಂಪು ಮ್ಯಾಸಿಯನ್ನು ಮಗನ ಇಷ್ಟಕ್ಕೆ ನೀಲಿ ಮಾಡಲು ಹೊರಟವರು ಆರ್‌ಸಿಯಲ್ಲಿ ಬಣ್ಣ ಬದಲಿಸಲು ಮೊದಲೇ ಅರ್ಜಿ ಕೊಡಿ. ನನ್ನನ್ನು ಕೇಳಿದರೆ ಕೆಂಪೇ ಇರಲಿ. ಅಂಗಡಿಯಲ್ಲಿ ಹಳೆ ಬಾನೆಟ್ಟಿನ ಒಳಬದಿ ತೋರಿಸಿ, ಬಿಸಿಲು ಕಾಣದ ಆ ಜಾಗದಲ್ಲಿ ಮೂಲ ಬಣ್ಣ ಹಾಗೇ ಇರುತ್ತದೆ. ಅದಕ್ಕೆ ಹೊಂದಿಸಿ ಮಿಕ್ಸ್ ಮಾಡಿ ಕೊಡುತ್ತಾರೆ.

ಇಂತಿ,
ನಿಮ್ಮವನೇ ಆದ ಒಬ್ಬ ಹಳೆ ಪೇಂಟರ್
ಬಿ.ಸಿ. ರೋಡ್